ಊರ ಆಕಾಶಕ್ಕೆ ಬಂದ ಅತಿಥಿಗಳು

2023ರ ಮಾರ್ಚ್ ತಿಂಗಳಿನ ಒಂದು ದಿನ ಬೆಂಗಳೂರಿನಲ್ಲಿ ಬೂದು ಬಣ್ಣದ ದೊಡ್ಡ ವಿಮಾನವೊಂದು ಬಂದಿಳಿಯಿತು. ಬೆನ್ನಿನ ಮೇಲೆ ರೆಕ್ಕೆ, ರೆಕ್ಕೆಯ ಕೆಳಗೆ ನಾಲ್ಕು ಎಂಜಿನ್, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಬಾಲ. ಅದು ಅಮೆರಿಕದ ವಾಯುಪಡೆಯ ಸಿ-17. ಅದರ ಹೊಟ್ಟೆಯಲ್ಲಿದ್ದದ್ದು ಸೈನಿಕರಲ್ಲ, ಇಸ್ರೊ ಮತ್ತು ನಾಸಾ ಸೇರಿ ತಯಾರಿಸುತ್ತಿದ್ದ ‘ನಿಸಾರ್’ ಉಪಗ್ರಹದ ಉಪಕರಣಗಳು. ಮರುವರ್ಷ, 2024ರ ಅಕ್ಟೋಬರ್ 22ರಂದು, ಇನ್ನೊಂದು ವಿಮಾನ ಎಚ್‌ಎಎಲ್ ನಿಲ್ದಾಣಕ್ಕೆ ಬಂತು. ಅದು ನಾಸಾದ ಸಿ-130. ನಿಸಾರ್‌ನ 12 ಮೀಟರ್ ಅಗಲದ ಆಂಟೆನಾವನ್ನು ಮಡಿಸಿಟ್ಟುಕೊಂಡು ಹವಾಯಿ, ಗುವಾಮ್, ಫಿಲಿಪ್ಪೀನ್ಸ್‌ಗಳಲ್ಲಿ ತಂಗುತ್ತಾ ಅದು ಬೆಂಗಳೂರು ತಲುಪಿತ್ತು. ಮುಂದೆ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಆಕಾಶಕ್ಕೆ ಹಾರಿತು.

ಈ ಎರಡು ದಿನವೂ ಬೆಂಗಳೂರಿನ ಬಹುಪಾಲು ಜನ ತಮ್ಮ ಪಾಡಿಗೆ ತಾವು ಬಸ್ಸು ಹಿಡಿದರು, ಮಕ್ಕಳನ್ನು ಶಾಲೆಗೆ ಬಿಟ್ಟರು, ತರಕಾರಿ ಕೊಂಡರು. ತಲೆಯ ಮೇಲೆ ಏನೋ ಗುಡುಗಿದ್ದು ಕೇಳಿದರೂ ‘ಯಾವುದೋ ವಿಮಾನ’ ಎಂದುಕೊಂಡು ಸುಮ್ಮನಾದರು. ಆದರೆ ಊರಿನಲ್ಲಿ ಕೆಲವರಿರುತ್ತಾರೆ. ಸದ್ದು ಕೇಳಿದರೆ ಸಾಕು, ತಿನ್ನುತ್ತಿದ್ದ ತಟ್ಟೆ ಬಿಟ್ಟು ಮಹಡಿಗೆ ಓಡುತ್ತಾರೆ. ದಿನವೂ ಬರುವ ವಿಮಾನದ ಸದ್ದಿಗೂ ಅಪರೂಪಕ್ಕೆ ಬರುವ ಅತಿಥಿಯ ಸದ್ದಿಗೂ ವ್ಯತ್ಯಾಸ ಅವರ ಕಿವಿಗೆ ಗೊತ್ತು. ಈ ಹವ್ಯಾಸಕ್ಕೆ ‘ಪ್ಲೇನ್ ಸ್ಪಾಟಿಂಗ್’ ಎನ್ನುತ್ತಾರೆ. ನಾನೂ ಈ ಗುಂಪಿಗೆ ಸೇರಿದವನು. ಎಪ್ಪತ್ತು ದಾಟಿದ ಮೇಲೂ ಮಹಡಿ ಮೆಟ್ಟಿಲು ಹತ್ತುವ ಶಕ್ತಿ ಉಳಿದಿದೆ ಎಂದರೆ ಅದಕ್ಕೆ ಈ ವಿಮಾನಗಳೇ ಕಾರಣ ಎಂದು ಮನೆಯವರು ನಗುತ್ತಾರೆ.

ಹಕ್ಕಿ ನೋಡುವವರ ಹಾಗೆ

ಹಕ್ಕಿ ವೀಕ್ಷಕರು ನಿಮಗೆ ಗೊತ್ತಿರಬಹುದು. ಕಾಗೆ, ಗುಬ್ಬಿ, ಮೈನಾಗಳನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಚಳಿಗಾಲದಲ್ಲಿ ದೂರದಿಂದ ಬಂದ ವಲಸೆ ಹಕ್ಕಿ ತಕ್ಷಣ ಕಣ್ಣಿಗೆ ಬೀಳುತ್ತದೆ. ವಿಮಾನಗಳದ್ದೂ ಹಾಗೇ. ಮೊದಲು ಮನೆಮಂದಿಯ ಪರಿಚಯ ಆಗಬೇಕು, ಆಮೇಲೆ ಅತಿಥಿಗಳದ್ದು.

ನಮ್ಮ ನಿಲ್ದಾಣಗಳಲ್ಲಿ ದಿನವೂ ಕಾಣುವವು ಮುಖ್ಯವಾಗಿ ಮೂರು ಜಾತಿ. ಏರ್‌ಬಸ್ ಎ320 ಕುಟುಂಬ, ಬೋಯಿಂಗ್ 737, ಮತ್ತು ಸಣ್ಣ ಊರುಗಳಿಗೆ ಹಾರುವ ಎಟಿಆರ್-72. ಎಟಿಆರ್ ಗುರುತಿಸುವುದು ಸುಲಭ, ಅದಕ್ಕೆ ಪ್ರೊಪೆಲ್ಲರ್ ಇದೆ, ರೆಕ್ಕೆ ಬೆನ್ನಿನ ಮೇಲಿದೆ. ಇನ್ನೆರಡನ್ನು ಬೇರೆ ಮಾಡುವುದು ಮೊದಮೊದಲು ಕಷ್ಟ. 737ರ ಮೂಗು ಚೂಪು, ಎ320ಯದು ದುಂಡಗೆ. 737ರ ಬಾಲ ಬೆನ್ನಿನಿಂದ ಏಳುವ ಜಾಗದಲ್ಲಿ ಒಂದು ಮಡಿಕೆ ಇದೆ, ಎ320ಯ ಬಾಲ ಒಂದೇ ಗೆರೆಯಲ್ಲಿ ನೇರ ಏಳುತ್ತದೆ. 737 ಹಾರುವಾಗ ಹೊಟ್ಟೆಯನ್ನು ನೋಡಿದರೆ ಮಡಿಸಿದ ಚಕ್ರಗಳು ಕಪ್ಪು ಬಿಲ್ಲೆಗಳ ಹಾಗೆ ಕಾಣುತ್ತವೆ, ಅವುಗಳನ್ನು ಪೂರ್ತಿ ಮುಚ್ಚುವ ಬಾಗಿಲಿಲ್ಲ. ಎ320ಗೆ ಬಾಗಿಲಿದೆ. ಒಂದು ವಾರ ಗಮನವಿಟ್ಟು ನೋಡಿದ ಮಗು ಇವನ್ನು ದೊಡ್ಡವರಿಗಿಂತ ಬೇಗ ಹೇಳುತ್ತದೆ. ನನ್ನ ಮೊಮ್ಮಗ ನಾಲ್ಕೇ ದಿನದಲ್ಲಿ ಕಲಿತು, “ತಾತ, ನೀವು ಕನ್ನಡಕ ಹಾಕಿಕೊಳ್ಳಿ, ಅದು ಏರ್‌ಬಸ್ಸು” ಎಂದು ನನಗೇ ಪಾಠ ಹೇಳಿದ.

ಇಷ್ಟು ತಿಳಿದ ಮೇಲೆ ಆಕಾಶದಲ್ಲಿ ನಾಲ್ಕು ಎಂಜಿನ್ ಕಂಡರೆ, ಟಿ ಆಕಾರದ ಬಾಲ ಕಂಡರೆ, ಗಾಜಿನ ಮೂಗು ಕಂಡರೆ ‘ಯಾರೋ ಬಂದಿದ್ದಾರೆ’ ಎಂದು ಮನಸ್ಸು ತಾನೇ ಎಚ್ಚರಗೊಳ್ಳುತ್ತದೆ.

ಅತಿಥಿಗಳು ಹೊಸಬರಲ್ಲ

ಕರ್ನಾಟಕದ ಆಕಾಶಕ್ಕೆ ಅತಿಥಿಗಳು ಬರುವುದು ಇಂದು ನಿನ್ನೆಯ ಮಾತಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಟಪಾಲು ಹೊತ್ತು ಅಹಮದಾಬಾದಿನ ಮೂಲಕ ಬೊಂಬಾಯಿಯ ಜುಹುವಿಗೆ ಬಂದರು. ಅಲ್ಲಿಂದ ಆ ಟಪಾಲನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರು ಇಳಿದ ಊರು ನಮ್ಮ ಬಳ್ಳಾರಿ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಎರಡನೆಯ ಮಹಾಯುದ್ಧ ಜೋರಾದಾಗ ಆ ಕಾರ್ಖಾನೆ ಅಮೆರಿಕದ ಯುದ್ಧ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಆಗ ಬಂದ ಅತಿಥಿಗಳಲ್ಲಿ ಅತಿ ವಿಚಿತ್ರವಾದದ್ದು ಕ್ಯಾಟಲಿನಾ. ಅದು ನೀರಿನ ಮೇಲೆ ಇಳಿಯುವ ವಿಮಾನ, ಹೊಟ್ಟೆ ದೋಣಿಯ ಹಾಗೆ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಅದು ಇಳಿಯುವುದೆಲ್ಲಿ? ಬೆಳ್ಳಂದೂರು ಕೆರೆಯಲ್ಲಿ! ಕೆರೆಯ ಮೇಲೆ ಇಳಿದ ವಿಮಾನವನ್ನು ದಡಕ್ಕೆಳೆದು ಕಾರ್ಖಾನೆಗೆ ಸಾಗಿಸಿ ರಿಪೇರಿ ಮಾಡುತ್ತಿದ್ದರು. ನೊರೆಗೆ ಹೆಸರಾದ ಇಂದಿನ ಬೆಳ್ಳಂದೂರು ಕೆರೆಯನ್ನು ನೋಡುವ ಮಕ್ಕಳಿಗೆ ಇದನ್ನು ಹೇಳಿದರೆ ಕಥೆ ಕಟ್ಟುತ್ತಿದ್ದೇವೆ ಎಂದೇ ತಿಳಿಯುತ್ತಾರೆ.

2008ರ ಮೇ ತಿಂಗಳಿನವರೆಗೆ ಪ್ರಯಾಣಿಕರ ವಿಮಾನಗಳೂ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ಮುರುಗೇಶಪಾಳ್ಯದ ಮನೆಗಳ ಮಹಡಿಯಲ್ಲಿ ನಿಂತರೆ ಚಕ್ರದ ಮೇಲಿನ ಧೂಳೂ ಕಾಣುವಷ್ಟು ಹತ್ತಿರ. ಆಮೇಲೆ ಅವೆಲ್ಲ ದೇವನಹಳ್ಳಿಗೆ ಹೋದವು. ಈಗ ಬೆಂಗಳೂರಿನ ಸುತ್ತ ಅತಿಥಿಗಳು ಬರುವ ಜಾಗ ಮೂರು: ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಮತ್ತು ಯಲಹಂಕದ ವಾಯುನೆಲೆ.

ಮರೆಯಲಾಗದ ಕೆಲವು ಅತಿಥಿಗಳು

2022ರ ಅಕ್ಟೋಬರ್ 14ರಂದು ದುಬೈನಿಂದ ಎಮಿರೇಟ್ಸ್ ಸಂಸ್ಥೆಯ ಏರ್‌ಬಸ್ ಎ380 ಮೊದಲ ಸಲ ಕೆಂಪೇಗೌಡ ನಿಲ್ದಾಣಕ್ಕೆ ಬಂತು. ಎರಡು ಅಂತಸ್ತಿನ ಮನೆಯಂಥ ವಿಮಾನ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 80 ಮೀಟರ್. ಆ ದಿನ ಅದು ಅತಿಥಿ. ತಿಂಗಳ ಕೊನೆಗೆ ದಿನವೂ ಬರತೊಡಗಿದ ಮೇಲೆ ಅದೂ ಮನೆಮಂದಿಯ ಸಾಲಿಗೆ ಸೇರಿತು. ಅಪರೂಪ ಎಂಬುದು ವಿಮಾನದ ಗುಣವಲ್ಲ, ಅದು ಬಂದ ಊರು ಮತ್ತು ದಿನದ ಗುಣ ಎಂಬುದನ್ನು ಇದು ತೋರಿಸುತ್ತದೆ.

ಏರ್‌ಬಸ್ ಕಂಪನಿಯ ಬೆಲೂಗಾ 2022ರಲ್ಲಿ ಇಂಧನ ತುಂಬಿಸಿಕೊಳ್ಳಲು ಚೆನ್ನೈ ಮತ್ತು ಕೊಲ್ಕತ್ತಾದಲ್ಲಿ ಇಳಿದಿತ್ತು. ವಿಮಾನದ ಭಾಗಗಳನ್ನೇ ಹೊತ್ತೊಯ್ಯಲು ಮಾಡಿದ ವಿಮಾನ ಅದು. ಹಣೆ ಉಬ್ಬಿದ ಬಿಳಿ ತಿಮಿಂಗಿಲದ ಹಾಗೆ ಇರುವುದರಿಂದ ಅದಕ್ಕೆ ಬೆಲೂಗಾ ತಿಮಿಂಗಿಲದ ಹೆಸರು. ಆ ಮಾದರಿಯಲ್ಲಿ ತಯಾರಾದದ್ದೇ ಐದು.

ಭಾರೀ ಯಂತ್ರ ಸಾಗಿಸಬೇಕಾದಾಗ ಬರುವುದು ಆಂಟೊನೊವ್ ಆನ್-124. ಇದರ ಚಕ್ರಗಳೇ 24. ಸಾಮಾನು ತುಂಬುವಾಗ ಮೂಗನ್ನು ಮೇಲಕ್ಕೆತ್ತಿ, ಮುಂದಿನ ಕಾಲನ್ನು ಮಡಿಸಿ ಆನೆಯ ಹಾಗೆ ಮಂಡಿಯೂರುತ್ತದೆ. ಲಾರಿಗಳು ನೇರ ಬಾಯೊಳಗೇ ನುಗ್ಗಬಹುದು.

ಇದಕ್ಕಿಂತ ದೊಡ್ಡದೊಂದಿತ್ತು. ಆನ್-225 ಮ್ರಿಯಾ. ಉಕ್ರೇನಿನ ಭಾಷೆಯಲ್ಲಿ ಮ್ರಿಯಾ ಎಂದರೆ ಕನಸು. ಸೋವಿಯತ್ ಒಕ್ಕೂಟದ ‘ಬುರಾನ್’ ಬಾಹ್ಯಾಕಾಶ ನೌಕೆಯನ್ನು ಬೆನ್ನ ಮೇಲೆ ಹೊರಲು ತಯಾರಿಸಿದ ಇದು 1988ರ ಡಿಸೆಂಬರ್ 21ರಂದು ಮೊದಲ ಸಲ ಹಾರಿತು. ಆರು ಎಂಜಿನ್, 32 ಚಕ್ರ, 88 ಮೀಟರ್ ಅಗಲದ ರೆಕ್ಕೆ. ಪೂರ್ತಿಯಾಗಿ ಕಟ್ಟಿ ಹಾರಿಸಿದ್ದು ಒಂದನ್ನೇ. 2016ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾಕ್ಕೆ ದೊಡ್ಡ ಜನರೇಟರ್ ಒಯ್ಯುವಾಗ ಅದು ನಮ್ಮ ಪಕ್ಕದ ಹೈದರಾಬಾದಿನಲ್ಲಿ ಇಳಿದು ಹೋಯಿತು.

ಕರೆಯದೆ ಬಂದ ಅತಿಥಿಯೂ ಉಂಟು. 2025ರ ಜೂನ್ 14ರಂದು ಬ್ರಿಟನ್ ನೌಕಾಪಡೆಯ ಎಫ್-35ಬಿ ಯುದ್ಧ ವಿಮಾನ ತಿರುವನಂತಪುರದಲ್ಲಿ ತುರ್ತಾಗಿ ಇಳಿಯಿತು. ಅದರಲ್ಲಿ ದೋಷ ಕಾಣಿಸಿಕೊಂಡು ಮಳೆಯಲ್ಲಿ ನೆನೆಯುತ್ತಾ ಅಲ್ಲೇ ಉಳಿಯಿತು. ಕೊನೆಗೆ ಹೊರಟದ್ದು ಜುಲೈ 22ಕ್ಕೆ. ಕೇರಳದ ಪ್ರವಾಸೋದ್ಯಮದವರು ‘ಇಲ್ಲಿಗೆ ಬಂದವರಿಗೆ ಹೋಗಲು ಮನಸ್ಸಾಗುವುದಿಲ್ಲ’ ಎಂಬರ್ಥದಲ್ಲಿ ತಮಾಷೆಯ ಜಾಹೀರಾತನ್ನೂ ಮಾಡಿದರು.

ನಮ್ಮ ಯಲಹಂಕದಲ್ಲಂತೂ 1996ರಿಂದ ಎರಡು ವರ್ಷಕ್ಕೊಮ್ಮೆ ಅತಿಥಿಗಳ ಜಾತ್ರೆಯೇ ನಡೆಯುತ್ತದೆ. ಅದೇ ಏರೊ ಇಂಡಿಯಾ. 2021ರಲ್ಲಿ ಅಮೆರಿಕದ ಬಿ-1ಬಿ ಬಾಂಬರ್ ನಮ್ಮ ತೇಜಸ್ ಜೊತೆಯಲ್ಲಿ ಹಾರಿತು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಒಂದೇ ನೆಲದಲ್ಲಿ ಕಾಣಿಸಿಕೊಂಡವು. ಒಂದರ ಮುಖ ಒಂದು ನೋಡದ ದೇಶಗಳ ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ನೋಡಿ ಬಂದೆವು.

ಬಾಲದ ಮೇಲಿನ ನಂಬರು

ಇಷ್ಟೆಲ್ಲ ಹೇಳಿದ್ದು ಈಗ ಹೇಳುವ ಮಾತಿಗಾಗಿ. ಫೋಟೊ ತೆಗೆಯುವವರು ಈಗ ಬೇಕಾದಷ್ಟು ಮಂದಿ. ಮೊಬೈಲ್ ಇಲ್ಲದ ಕೈ ಇಲ್ಲ. ಆದರೆ ಫೋಟೊದ ಜೊತೆಗೆ ದಿನಾಂಕ, ಜಾಗ ಮತ್ತು ವಿಮಾನದ ನೋಂದಣಿ ಸಂಖ್ಯೆ ಬರೆದಿಡುವವರು ಕಡಿಮೆ. ಇವು ಇಲ್ಲದ ಚಿತ್ರ ಬರೀ ಚಿತ್ರ, ಇದ್ದರೆ ದಾಖಲೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬದುಕಿದವನಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಹೆಸರಿನ ಹತ್ತು ಗ್ರಾಹಕರಿರಬಹುದು, ಆದರೆ ಖಾತೆ ಸಂಖ್ಯೆ ಒಬ್ಬರಿಗೇ.

ಪ್ರತಿಯೊಂದು ನಾಗರಿಕ ವಿಮಾನಕ್ಕೂ ಬಾಲದ ಹತ್ತಿರ ಒಂದು ಸಂಖ್ಯೆ ಬರೆದಿರುತ್ತಾರೆ. ಅದರ ಮೊದಲ ಅಕ್ಷರಗಳು ದೇಶದ ಗುರುತು. ಭಾರತದ್ದು ‘ವಿಟಿ’, ಬ್ರಿಟಿಷರ ಕಾಲದಿಂದ ಉಳಿದು ಬಂದದ್ದು. ಅಮೆರಿಕ ‘ಎನ್’, ಬ್ರಿಟನ್ ‘ಜಿ’, ಜರ್ಮನಿ ‘ಡಿ’, ಫ್ರಾನ್ಸ್ ‘ಎಫ್’, ಜಪಾನ್ ‘ಜೆಎ’, ಉಕ್ರೇನ್ ‘ಯುಆರ್’, ಯುಎಇ ‘ಎ6’, ಸಿಂಗಪುರ ‘9ವಿ’, ಶ್ರೀಲಂಕಾ ‘4ಆರ್’, ನೇಪಾಳ ‘9ಎನ್’, ಭೂತಾನ್ ‘ಎ5’. ವಿಮಾನ ಬೇರೆ ದೇಶಕ್ಕೆ ಮಾರಾಟವಾದರೆ ಈ ಸಂಖ್ಯೆ ಬದಲಾಗುತ್ತದೆ. ಕಾರ್ಖಾನೆಯವರು ಕೊಟ್ಟ ಕ್ರಮಸಂಖ್ಯೆ ಮಾತ್ರ ಹುಟ್ಟಿನಿಂದ ಗುಜರಿಯವರೆಗೆ ಒಂದೇ.

ವಾಯುಪಡೆಯ ವಿಮಾನಗಳಲ್ಲಿ ಮೈಮೇಲಿನ ಚಿಹ್ನೆ ನೋಡಬೇಕು. ಆರಂಭದಲ್ಲಿ ಹೇಳಿದ ಸಿ-17 ನಮ್ಮ ವಾಯುಪಡೆಯಲ್ಲೂ ಇದೆ. ಎರಡೂ ಬೂದು ಬಣ್ಣ, ಎರಡೂ ಒಂದೇ ಆಕಾರ. ಮೈಮೇಲೆ ತ್ರಿವರ್ಣದ ವೃತ್ತವಿದ್ದರೆ ನಮ್ಮದು, ನಕ್ಷತ್ರವಿದ್ದರೆ ಅಮೆರಿಕದ್ದು. ಅತಿಥಿ ಯಾರು, ಮನೆಯವರು ಯಾರು ಎಂದು ಹೇಳುವುದು ಆ ಚಿಕ್ಕ ಗುರುತು ಮಾತ್ರ.

ಒಂದು ನಂಬರು ಏನು ಮಾಡಬಲ್ಲದು?

‘ನಂಬರು ಬರೆದಿಟ್ಟು ಏನು ಸಿಗುತ್ತದೆ?’ ಎಂದು ಕೇಳುವವರಿದ್ದಾರೆ. ನನ್ನ ಮನೆಯಲ್ಲೂ ಇದ್ದಾರೆ. ಅವರಿಗೆ ನಾನು ಹೇಳುವ ಸಂಗತಿಗಳು ಇವು.

ಬ್ರಿಟನ್ನಿನಲ್ಲಿ 1925ರಲ್ಲಿ ‘ಅಬ್ಸರ್ವರ್ ಕೋರ್’ ಎಂಬ ಪಡೆ ಶುರುವಾಯಿತು. ಅದರಲ್ಲಿದ್ದವರು ಬಹುಪಾಲು ಸಾಮಾನ್ಯ ಸ್ವಯಂಸೇವಕರು. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಕರಾವಳಿಯಾಚೆಗಿನ ವಿಮಾನಗಳನ್ನು ಹಿಡಿಯುತ್ತಿತ್ತು. ಅವು ನೆಲದ ಮೇಲೆ ಬಂದ ನಂತರ ಎಷ್ಟಿವೆ, ಯಾವುವು, ಎತ್ತ ಹೋಗುತ್ತಿವೆ ಎಂದು ಬರಿಗಣ್ಣಿನಿಂದ ನೋಡಿ ಟೆಲಿಫೋನಿನಲ್ಲಿ ತಿಳಿಸಿದವರು ಈ ಜನ. ಅವರ ಸೇವೆಗೆ ಮೆಚ್ಚಿ 1941ರಲ್ಲಿ ಪಡೆಯ ಹೆಸರಿಗೆ ‘ರಾಯಲ್’ ಸೇರಿತು. ವಿಮಾನ ಗುರುತಿಸುವ ಹವ್ಯಾಸ ಅಲ್ಲಿ ಬೇರುಬಿಟ್ಟದ್ದೂ ಆ ವರ್ಷಗಳಲ್ಲೇ.

ಎರಡನೆಯದು ನಮ್ಮ ದೇಶದ ಒಂದು ಸಂಖ್ಯೆ: ವಿಪಿ905. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ಸಂಖ್ಯೆ ಅದು. 2018ರಲ್ಲಿ ಹಳೆಯ ಡಕೋಟಾ ಒಂದನ್ನು ಬ್ರಿಟನ್ನಿನಲ್ಲಿ ಸರಿಪಡಿಸಿ ನಮ್ಮ ವಾಯುಪಡೆಗೆ ತಂದಾಗ ‘ಪರಶುರಾಮ’ ಎಂದು ಹೆಸರಿಟ್ಟರು. ಬಾಲದ ಮೇಲೆ ಬರೆಸಿದ್ದು ಅದೇ ವಿಪಿ905. ಎಪ್ಪತ್ತು ವರ್ಷದ ಹಿಂದಿನ ಸಂಖ್ಯೆಯನ್ನು ಯಾರೋ ಬರೆದಿಟ್ಟಿದ್ದರಿಂದಲೇ ಆ ಗೌರವ ಸಲ್ಲಿಸಲು ಸಾಧ್ಯವಾಯಿತು.

ಮೂರನೆಯದನ್ನು ದೊಡ್ಡ ಮಕ್ಕಳು ಗಮನವಿಟ್ಟು ಓದಬೇಕು. ಖಾಲಿದ್ ಎಲ್ ಮಸ್ರಿ ಎಂಬ ಜರ್ಮನಿಯ ಪ್ರಜೆಯನ್ನು 2003ರ ಕೊನೆಯ ದಿನ ಮೆಸಿಡೋನಿಯಾದ ಗಡಿಯಲ್ಲಿ ಹಿಡಿದರು. ಸುಮಾರು ಅದೇ ಹೆಸರಿನ ಬೇರೊಬ್ಬ ಶಂಕಿತ ಭಯೋತ್ಪಾದಕನಿದ್ದುದೇ ಕಾರಣ. 2004ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಅವರನ್ನು ಬೋಯಿಂಗ್ 737 ಒಂದರಲ್ಲಿ ಅಫ್ಗಾನಿಸ್ತಾನದ ಗುಪ್ತ ಸೆರೆಮನೆಗೆ ಒಯ್ದಿತು. ತಿಂಗಳುಗಟ್ಟಲೆ ಕೂಡಿಟ್ಟು, ತಪ್ಪು ವ್ಯಕ್ತಿ ಎಂದು ಗೊತ್ತಾದ ಮೇಲೆ ಅಲ್ಬೇನಿಯಾದ ರಸ್ತೆಯೊಂದರಲ್ಲಿ ಬಿಟ್ಟುಹೋದರು. ಅವರ ಮಾತನ್ನು ಮೊದಲಿಗೆ ಯಾರೂ ನಂಬಲಿಲ್ಲ.

ಆದರೆ ಅದೇ ಜನವರಿಯಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ನಿಲ್ದಾಣದಲ್ಲಿ ಹವ್ಯಾಸಿಯೊಬ್ಬರು ಆ ವಿಮಾನದ ಫೋಟೊ ತೆಗೆದಿದ್ದರು. ಬಿಳಿ ಮೈ, ಯಾವ ಕಂಪನಿಯ ಹೆಸರೂ ಇಲ್ಲ, ಬಾಲದ ಹತ್ತಿರ ‘ಎನ್313ಪಿ’ ಎಂಬ ಸಂಖ್ಯೆ. ಆ ಹವ್ಯಾಸಿಗೆ ಅದರ ಒಳಗುಟ್ಟು ಗೊತ್ತಿರಲಿಲ್ಲ, ಅಪರೂಪದ ವಿಮಾನ ಎಂದು ತೆಗೆದದ್ದು ಅಷ್ಟೆ. ಇಂಥ ಹವ್ಯಾಸಿಗಳ ಚಿತ್ರಗಳು, ಅವರು ಬರೆದಿಟ್ಟ ದಿನಾಂಕಗಳು, ಹಾರಾಟದ ಅಧಿಕೃತ ದಾಖಲೆಗಳು ಎಲ್ಲವನ್ನೂ ಪತ್ರಕರ್ತರು, ತನಿಖೆ ಮಾಡಿದವರು ಒಂದಕ್ಕೊಂದು ತಾಳೆ ನೋಡಿದರು. ಗುಪ್ತ ಹಾರಾಟಗಳ ಜಾಡು ಹೊರಬಿತ್ತು. 2012ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎಲ್ ಮಸ್ರಿ ಅವರ ಪರವಾಗಿ ತೀರ್ಪು ಕೊಟ್ಟು, ಮೆಸಿಡೋನಿಯಾ ಅವರಿಗೆ 60,000 ಯೂರೊ ಪರಿಹಾರ ನೀಡಬೇಕೆಂದಿತು. ಹೆಸರಿನ ಗೊಂದಲದಿಂದ ಸೆರೆಯಾದ ಮನುಷ್ಯನ ಮಾತಿಗೆ ಬಲ ಕೊಟ್ಟ ಸಾಕ್ಷಿಗಳಲ್ಲಿ ಗೊಂದಲಕ್ಕೆ ಎಡೆಯಿಲ್ಲದ ಒಂದು ಸಂಖ್ಯೆಯೂ ಇತ್ತು. ಇದನ್ನು ಓದಿದ ದಿನ ನಾನು ನನ್ನ ನೋಟ್‌ಬುಕ್ಕನ್ನು ಇನ್ನಷ್ಟು ಜೋಪಾನ ಮಾಡತೊಡಗಿದೆ.

ಇನ್ನು ಮ್ರಿಯಾ. ಹೈದರಾಬಾದಿಗೆ ಬಂದಿದ್ದ ಆ ಒಂದೇ ಒಂದು ಆನ್-225, ನೋಂದಣಿ ಸಂಖ್ಯೆ ಯುಆರ್-82060, 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಹೊಸ್ಟೊಮೆಲ್ ನಿಲ್ದಾಣದಲ್ಲಿ ಯುದ್ಧದ ಬೆಂಕಿಗೆ ಸುಟ್ಟುಹೋಯಿತು. ಅದು ಇನ್ನು ಯಾವ ಊರಿಗೂ ಬರುವುದಿಲ್ಲ. ಊರೂರಿನಲ್ಲಿ ಹವ್ಯಾಸಿಗಳು ತೆಗೆದಿಟ್ಟ ಚಿತ್ರಗಳಲ್ಲಿ ಮಾತ್ರ ಹಾರುತ್ತಿದೆ. ‘ಮುಂದಿನ ಸಲ ಬಂದಾಗ ತೆಗೆದರಾಯಿತು’ ಎಂದು ಬಿಟ್ಟವರಿಗೆ ಮುಂದಿನ ಸಲ ಬರಲೇ ಇಲ್ಲ.

ಒಳ್ಳೆಯ ಚಿತ್ರಕ್ಕೆ ಸೂರ್ಯ, ಗಾಳಿ, ತಾಳ್ಮೆ

ಚಿತ್ರ ತೆಗೆಯಲು ದುಬಾರಿ ಕ್ಯಾಮೆರಾಕ್ಕಿಂತ ಮೊದಲು ಬೇಕಾದದ್ದು ದಿಕ್ಕಿನ ಜ್ಞಾನ. ರನ್‌ವೇ ತುದಿಯಲ್ಲಿ ದೊಡ್ಡದಾಗಿ ಬರೆದ ಅಂಕಿ ದಿಕ್ಸೂಚಿಯ ಲೆಕ್ಕ. ಬೆಂಗಳೂರಿನ ರನ್‌ವೇಗಳು 09 ಮತ್ತು 27. ಮುಂದೆ ಒಂದು ಸೊನ್ನೆ ಸೇರಿಸಿದರೆ 90 ಡಿಗ್ರಿ ಅಂದರೆ ಪೂರ್ವ, 270 ಡಿಗ್ರಿ ಅಂದರೆ ಪಶ್ಚಿಮ. ನಿಮ್ಮ ಊರಿನ ನಿಲ್ದಾಣದ ಅಂಕಿ ಯಾವುದೆಂದು ಹುಡುಕಿ, ಮಕ್ಕಳಿಂದ ಭೂಪಟದ ಮೇಲೆ ಗೆರೆ ಎಳೆಸಿ.

ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಗಾಳಿಗೆ ಎದುರಾಗಿಯೇ ಏರುತ್ತವೆ. ಮುಂಗಾರಿನಲ್ಲಿ ಬೆಂಗಳೂರಿಗೆ ಪಶ್ಚಿಮದ ಗಾಳಿ. ಹಾಗಾಗಿ ವಿಮಾನಗಳು ಪೂರ್ವದ ಕಡೆಯಿಂದ ಬಂದು ಇಳಿಯುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸಿದಾಗ ಇದು ತಿರುಗುಮುರುಗು. ಮನೆಯ ಮುಂದಿನ ತೆಂಗಿನ ಗರಿ ಯಾವ ಕಡೆ ವಾಲಿದೆ ನೋಡಿದರೆ ಅತಿಥಿ ಯಾವ ಬಾಗಿಲಿಂದ ಬರುತ್ತಾನೆ ಎಂದು ಊಹಿಸಬಹುದು.

ಸೂರ್ಯ ನಮ್ಮ ಬೆನ್ನಿಗಿರಬೇಕು. ಪೂರ್ವ-ಪಶ್ಚಿಮ ರನ್‌ವೇಗೆ ವರ್ಷದ ಹೆಚ್ಚು ದಿನ ದಕ್ಷಿಣದ ಕಡೆ ನಿಲ್ಲುವುದು ಒಳ್ಳೆಯದು. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ದೂರದ ವಿಮಾನ ನೀರಿನೊಳಗೆ ಅಲುಗಾಡಿದಂತೆ ಕಾಣುತ್ತದೆ, ಎಷ್ಟು ಒಳ್ಳೆಯ ಲೆನ್ಸಿಗೂ ಅದು ಬಗ್ಗುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ತೆಗೆಯಿರಿ.

ಜೆಟ್ ವಿಮಾನಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗದ ಶಟರ್ ಇಡಬಹುದು. ಪ್ರೊಪೆಲ್ಲರ್ ವಿಮಾನಕ್ಕೆ ಅಷ್ಟು ಬೇಡ. ಅಲಗುಗಳು ನಿಂತೇಬಿಟ್ಟಂತೆ ಕಾಣುತ್ತವೆ, ನೋಡಿದವರು ‘ಎಂಜಿನ್ ಕೆಟ್ಟಿದೆಯಾ?’ ಎನ್ನುತ್ತಾರೆ. 250ರಲ್ಲಿ ಒಂದು ಭಾಗ, ಅದಕ್ಕಿಂತ ನಿಧಾನವೂ ಆಗಬಹುದು. ಆದರೆ ಕ್ಯಾಮೆರಾವನ್ನು ವಿಮಾನದ ಜೊತೆಗೆ ಸಮವಾಗಿ ತಿರುಗಿಸುವ ಅಭ್ಯಾಸ ಬೇಕು. ಸೈಕಲ್ ಹೊಡೆಯುವ ಮಕ್ಕಳ ಫೋಟೊ ತೆಗೆದು ಇದನ್ನು ಕಲಿಯಬಹುದು.

ಯಾರು ಬರುತ್ತಿದ್ದಾರೆಂದು ತಿಳಿಯಲು ಈಗ ‘ಫ್ಲೈಟ್‌ರಾಡಾರ್24’ ಮುಂತಾದ ಆ್ಯಪ್‌ಗಳಿವೆ. ವಿಮಾನ ತಾನಿರುವ ಜಾಗ, ಎತ್ತರ, ವೇಗವನ್ನು ರೇಡಿಯೊ ಅಲೆಗಳಲ್ಲಿ ಸಾರುತ್ತಾ ಹೋಗುತ್ತದೆ. ನೆಲದ ಮೇಲಿನ ಪುಟ್ಟ ಗ್ರಾಹಕ ಯಂತ್ರಗಳು ಅದನ್ನು ಹಿಡಿದು ಕಳಿಸುತ್ತವೆ. ಅವುಗಳಲ್ಲಿ ಎಷ್ಟೋ ಯಂತ್ರಗಳನ್ನು ಹವ್ಯಾಸಿಗಳೇ ತಮ್ಮ ಮನೆಯ ಮಹಡಿಯಲ್ಲಿ ಇಟ್ಟಿದ್ದಾರೆ. ಆದರೂ ಯುದ್ಧ ವಿಮಾನಗಳು ಅನೇಕ ಸಲ ಇದರಲ್ಲಿ ಕಾಣುವುದಿಲ್ಲ. ಅಲ್ಲಿ ಕಿವಿ, ಕಣ್ಣುಗಳೇ ಗತಿ.

ಬೇಲಿಯ ಈಚೆಗೇ ಇರಲಿ

ಈ ಹವ್ಯಾಸಕ್ಕೆ ಕಾನೂನಿನ ಅಂಚು ಇದೆ ಎಂಬುದನ್ನು ಮರೆಯಬಾರದು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾದಲ್ಲಿ 12 ಬ್ರಿಟಿಷರು ಮತ್ತು ಇಬ್ಬರು ಡಚ್ಚರನ್ನು ಗೂಢಚಾರರೆಂದು ಬಂಧಿಸಿದರು. ಅವರು ವಾಯುನೆಲೆಯಲ್ಲಿ ವಿಮಾನದ ನಂಬರು ಬರೆದುಕೊಳ್ಳುತ್ತಿದ್ದ ಹವ್ಯಾಸಿಗಳು. ಶಿಕ್ಷೆಯೂ ಆಯಿತು. ಮರುವರ್ಷ ಮೇಲ್ಮನವಿಯಲ್ಲಿ ಖುಲಾಸೆಯಾದರು. 2010ರಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಬ್ಬರು ಬ್ರಿಟಿಷ್ ಹವ್ಯಾಸಿಗಳೂ ಇದೇ ರೀತಿ ಸಿಕ್ಕಿಬಿದ್ದಿದ್ದರು.

ನನ್ನನ್ನೂ ಒಮ್ಮೆ ರಸ್ತೆಬದಿಯಲ್ಲಿ ಪೊಲೀಸರೊಬ್ಬರು ನಿಲ್ಲಿಸಿ ಕೇಳಿದರು. ನೋಟ್‌ಬುಕ್ ತೋರಿಸಿದೆ. ಎರಡು ಪುಟ ತಿರುವಿ, “ಏನ್ ಯಜಮಾನ್ರೇ, ರಿಟೈರ್ ಆದ್ಮೇಲೂ ಲೆಕ್ಕ ಬಿಟ್ಟಿಲ್ವಾ?” ಎಂದು ನಕ್ಕು, “ಇಲ್ಲಿ ನಿಲ್ಲಬೇಡಿ, ಮುಂದೆ ಹೋಗಿ” ಎಂದರು. ನಾನು ಹೋದೆ. ಅಂಥ ಜಾಗದಲ್ಲಿ ವಾದ ಮಾಡಬಾರದು. ಅವರ ಕೆಲಸ ಅವರದು.

ವಾಯುಪಡೆಯ ನೆಲೆಗಳ ಬೇಲಿಯ ಹತ್ತಿರ, ‘ಛಾಯಾಗ್ರಹಣ ನಿಷೇಧಿಸಲಾಗಿದೆ’ ಎಂಬ ಫಲಕ ಇರುವಲ್ಲಿ ಕ್ಯಾಮೆರಾ ಹೊರತೆಗೆಯಲೇಬೇಡಿ. ನಿಲ್ದಾಣದ ಸುತ್ತ ಡ್ರೋನ್, ಲೇಸರ್ ದೀಪ, ಗಾಳಿಪಟ ಬೇಡ. ತಿಂಡಿಯ ಎಂಜಲು ಎಸೆಯಬೇಡಿ, ಅದಕ್ಕೆ ಬರುವ ಹದ್ದು ಎಂಜಿನ್ನಿಗೆ ಸಿಕ್ಕರೆ ಅಪಾಯ. ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ ಮಕ್ಕಳನ್ನು ಇಳಿಸಬೇಡಿ. ದೇಶಕ್ಕೆ ಆತಂಕದ ದಿನಗಳಿದ್ದಾಗ ಸೇನಾ ವಿಮಾನಗಳ ಚಿತ್ರವನ್ನು ಯಾರಿಗೂ ಕಳಿಸದಿರುವುದು ವಿವೇಕ. ಏರೊ ಇಂಡಿಯಾದ ಸಾರ್ವಜನಿಕ ದಿನಗಳಲ್ಲಿ ಟಿಕೆಟ್ ಕೊಂಡು ಹೋದರೆ ಮನಸಾರೆ ತೆಗೆಯಬಹುದು. ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಲು ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣದ ಪಕ್ಕ ವಿಮಾನ ನೋಡುವವರಿಗೆಂದೇ ಉದ್ಯಾನ ಮಾಡಿದ್ದಾರೆ, ಅಲ್ಲೊಂದು ಕಾಂಕಾರ್ಡ್ ಕೂಡ ನಿಂತಿದೆ. ಟೋಕಿಯೊದ ಹನೇಡಾ ನಿಲ್ದಾಣದ ಮಹಡಿಯಲ್ಲಿ ವೀಕ್ಷಣಾ ಅಟ್ಟಗಳಿವೆ, ಅಜ್ಜಿ ತಾತಂದಿರು ಮೊಮ್ಮಕ್ಕಳ ಕೈಹಿಡಿದು ಬರುತ್ತಾರೆ. ನಮ್ಮ ನಿಲ್ದಾಣಗಳಲ್ಲೂ ತಪಾಸಣೆ ಮಾಡಿ ಒಳಬಿಡುವ ಅಂಥ ಒಂದು ಜಾಗ ಇದ್ದರೆ ಮಕ್ಕಳು ರಸ್ತೆಬದಿಯಲ್ಲಿ ನಿಲ್ಲುವುದು ತಪ್ಪುತ್ತದೆ, ಕಾವಲಿನವರಿಗೂ ನಿಶ್ಚಿಂತೆ. ಕುತೂಹಲಕ್ಕೆ ಕದ್ದು ನೋಡುವ ಗತಿ ಬರಬಾರದು.

ಒಂದು ನೋಟ್‌ಬುಕ್ ಸಾಕು

ಶುರು ಮಾಡಲು ಬೇಕಾದದ್ದು ಇಷ್ಟೆ: ಗೆರೆ ಹಾಕಿದ ನೋಟ್‌ಬುಕ್, ಪೆನ್ನು, ಆದರೆ ಒಂದು ಸಾಧಾರಣ ದುರ್ಬೀನು. ಪುಟಕ್ಕೆ ಏಳು ಕಾಲಮ್ ಎಳೆಯಿರಿ. ದಿನಾಂಕ, ಸಮಯ, ನಿಂತ ಜಾಗ, ವಿಮಾನದ ಮಾದರಿ, ನೋಂದಣಿ ಸಂಖ್ಯೆ, ಗಾಳಿ ಮತ್ತು ಬಿಸಿಲು, ಕೊನೆಗೆ ಕಂಡ ವಿಶೇಷ. ಗೊತ್ತಾಗದ ಕಾಲಮ್ಮನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ಖಾಲಿ ಜಾಗ ಸುಳ್ಳು ಹೇಳುವುದಿಲ್ಲ. ಆ ದಿನದ್ದನ್ನು ಆ ದಿನವೇ ಬರೆಯಿರಿ. ನಾಳೆ ಬರೆದರಾಯಿತು ಎಂದರೆ ನಾಳೆಗೆ ನಾಳೆಯದೇ ಇರುತ್ತದೆ.

ಇದಕ್ಕೆ ಬೆಂಗಳೂರೇ ಆಗಬೇಕಿಲ್ಲ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಲ್ಲೂ ವಿಮಾನ ಇಳಿಯುತ್ತವೆ. ಶಿವಮೊಗ್ಗದ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಅಲ್ಲಿಗೆ ಮೊದಲ ವರ್ಷ ಬಂದ ವಿಮಾನಗಳನ್ನು ಶಿವಮೊಗ್ಗದ ಒಬ್ಬ ಹುಡುಗ ಅಥವಾ ಹುಡುಗಿ ಬರೆದಿಟ್ಟಿದ್ದರೆ, ಐವತ್ತು ವರ್ಷದ ನಂತರ ಊರಿನ ಚರಿತ್ರೆ ಬರೆಯುವವರು ಆ ನೋಟ್‌ಬುಕ್ ಹುಡುಕಿಕೊಂಡು ಅವರ ಮನೆ ಬಾಗಿಲಿಗೆ ಬರುತ್ತಾರೆ. ಬೆಳ್ಳಂದೂರು ಕೆರೆಯಲ್ಲಿ ಇಳಿದ ಕ್ಯಾಟಲಿನಾಗಳ ನಂಬರುಗಳನ್ನು ದಡದಲ್ಲಿ ದನ ಮೇಯಿಸುತ್ತಿದ್ದ ಹುಡುಗನೊಬ್ಬ ಬರೆದಿಟ್ಟಿದ್ದರೆ ಇವತ್ತು ಅದನ್ನು ನಾವು ಎಷ್ಟು ಆಸೆಯಿಂದ ಓದುತ್ತಿದ್ದೆವು!

ಬೇಸಿಗೆ ರಜೆ, ದಸರಾ ರಜೆ ಇದ್ದೇ ಇದೆ. ಮಕ್ಕಳ ಜೊತೆ ಒಂದು ಸಂಜೆ ಮಹಡಿ ಹತ್ತಿ. ಮೊದಲ ದಿನ ಬರುವುದೆಲ್ಲ ದಿನನಿತ್ಯದ ವಿಮಾನಗಳೇ ಇರಬಹುದು. ಅವನ್ನೂ ಬರೆಯಿರಿ.